ಗುಳೆ ಹೋದವರ ಮಗ ರಬ್ಬರ್ ಕದಿಯುತ್ತಾನೆ: ಫ್ರಾಯ್ಡ್, ಆಡ್ಲರ್, ಎರಿಕ್ಸನ್ ಇವರಲ್ಲಿ ಯಾರ ಮಾತು ಹಿಡಿಯಲಿ?

ಕುಷ್ಟಗಿ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಕುಷ್ಟಗಿ ತಾಲ್ಲೂಕಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಜೊತೆಗೆ ಶಿಕ್ಷಕರ ಅರ್ಹತಾ ಪರೀಕ್ಷೆಗೂ (ಟಿಇಟಿ) ಓದುತ್ತಿದ್ದೇನೆ. ಒಂದೇ ಪ್ರಶ್ನೆ ಎರಡೂ ಕಡೆಯಿಂದ ಕಾಡುತ್ತಿದೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನ್ನ ನಾಲ್ಕನೇ ತರಗತಿಯಲ್ಲಿ ಒಬ್ಬ ಹುಡುಗ ಇದ್ದಾನೆ. ಊರು, ಹೆಸರು ಬೇಡ. ದೀಪಾವಳಿ ಮುಗಿಸಿಕೊಂಡು ಅವನ ಅಪ್ಪ ಅವ್ವ ಬೆಂಗಳೂರಿಗೆ ಗುಳೆ ಹೋದರು, ಕಟ್ಟಡದ ಕೆಲಸಕ್ಕೆ. ಎರಡು ವರ್ಷದ ತಂಗಿಯನ್ನು ಜೊತೆಗೆ ಕರೆದುಕೊಂಡು ಹೋದರು. ಇವನಿಗೆ ಶಾಲೆ ತಪ್ಪಬಾರದು ಅಂತ ಅಜ್ಜಿ ಹತ್ತಿರ ಬಿಟ್ಟರು. ಮೂರು ವಾರ ಆಗಿರಬೇಕು, ಬೇರೆ ಮಕ್ಕಳ ರಬ್ಬರ್, ಮೆಂಡರ್, ತುಂಡು ಪೆನ್ಸಿಲ್ ಎತ್ತಿಕೊಳ್ಳಲು ಶುರು ಮಾಡಿದ. ಅವನ್ನು ಬಳಸುವುದಿಲ್ಲ. ಪಾಟಿಚೀಲದ ತಳದಲ್ಲಿ ಕೂಡಿಡುತ್ತಾನೆ. ಒಂದು ದಿನ ಎಣಿಸಿದೆ, 11 ರಬ್ಬರ್ ಇದ್ದವು. ಕೇಳಿದರೆ ಅಳುವುದಿಲ್ಲ, ಸುಳ್ಳೂ ಹೇಳುವುದಿಲ್ಲ. ಸುಮ್ನೆ ನೆಲ ನೋಡುತ್ತಾ ನಿಲ್ಲುತ್ತಾನೆ.

ಕೋಚಿಂಗ್ ನೋಟ್ಸಿನ ಮನಶ್ಶಾಸ್ತ್ರ ಪಾಠದಲ್ಲಿ ಫ್ರಾಯ್ಡ್ ಅಂದರೆ ಇಡ್, ಈಗೋ, ಸೂಪರ್ ಈಗೋ. ಆಡ್ಲರ್ ಅಂದರೆ ಕೀಳರಿಮೆ. ಯೂಂಗ್ ಅಂದರೆ ಅಂತರ್ಮುಖಿ, ಬಹಿರ್ಮುಖಿ. ಎರಿಕ್ಸನ್ ಅಂದರೆ ಎಂಟು ಹಂತ. ಎಲ್ಲಾ ಬಾಯಿಪಾಠ ಆಗಿದೆ. ಆದರೆ ಆ ಹುಡುಗನ ಮುಂದೆ ನಿಂತರೆ ಒಂದೂ ನೆರವಿಗೆ ಬರುವುದಿಲ್ಲ. ಇವರೆಲ್ಲ ಒಂದೇ ಮಾತನ್ನು ಬೇರೆ ಬೇರೆ ಹೆಸರಿನಲ್ಲಿ ಹೇಳಿದ್ದಾರಾ? ಇಲ್ಲಾ ಇವರ ನಡುವೆ ನಿಜವಾಗಿ ಜಗಳ ಇದೆಯಾ?

ರಾಯಚೂರು ನಿವೃತ್ತ ಉಪನ್ಯಾಸಕ:

ಜಗಳ ಇದೆಯಮ್ಮ, ಜೋರಾಗಿಯೇ ಇದೆ. ನಾನು ಪದವಿ ಕಾಲೇಜಿನಲ್ಲಿ ಬಹಳ ವರ್ಷ ಮನಶ್ಶಾಸ್ತ್ರ ಹೇಳಿದವನು. ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಮಗುವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆ ಕೇಳುವವರು ಕಡಿಮೆ.

ಮೊದಲು ಇವರೆಲ್ಲ ಒಪ್ಪುವ ಮಾತು ಹೇಳುತ್ತೇನೆ. ನಾವು ಮಾಡುವ ಎಷ್ಟೋ ಕೆಲಸಕ್ಕೆ ಕಾರಣ ನಮಗೇ ಗೊತ್ತಿರುವುದಿಲ್ಲ. ಬಾಲ್ಯದ ಗಾಯ ದೊಡ್ಡವರಾದ ಮೇಲೂ ಒಳಗೆ ಕೆಲಸ ಮಾಡುತ್ತಲೇ ಇರುತ್ತದೆ. ಇಷ್ಟಕ್ಕೆ ಎಲ್ಲರೂ ಹೂಂ ಅನ್ನುತ್ತಾರೆ. ಮನುಷ್ಯನನ್ನು ಒಳಗಿನಿಂದ ತಳ್ಳುವುದು ಏನು ಅಂತ ಕೇಳಿದ ಕೂಡಲೇ ದಾರಿ ಬೇರೆಯಾಗುತ್ತದೆ.

ಫ್ರಾಯ್ಡ್ ಪ್ರಕಾರ ತಳ್ಳುವುದು ದೇಹದಿಂದ ಹುಟ್ಟುವ ಬಯಕೆ. ನಮ್ಮ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಕಾಲುವೆಗೆ ಗೇಟು ಹಾಕಿದರೆ ನೀರು ಎಲ್ಲಿ ಹೋಗುತ್ತದೆ? ಒಡ್ಡು ಎಲ್ಲಿ ಸಡಿಲ ಇದೆಯೋ ಅಲ್ಲಿ ಒಡೆಯುತ್ತದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತಲ್ಲ, ಆಗ ನೀರಿನ ಒತ್ತಡ ಅಂದರೆ ಏನು ಅಂತ ನಾವೆಲ್ಲ ನೋಡಿದೆವು. ಫ್ರಾಯ್ಡ್ ಮನಸ್ಸನ್ನು ಹಾಗೆ ಕಂಡರು. ಬಯಕೆ ನುಗ್ಗುವ ಜಾಗ ಇಡ್. ಬೇಡ, ತಪ್ಪು ಅನ್ನುವುದು ಸೂಪರ್ ಈಗೋ. ಇವೆರಡರ ಜೊತೆ ಹೊರಗಿನ ಪ್ರಪಂಚವನ್ನೂ ಸಂಭಾಳಿಸುವುದು ಈಗೋ. ಮೂರನ್ನೂ ಅವರು ಹೀಗೆ ಜೋಡಿಸಿದ್ದು 1923ರಲ್ಲಿ, ಅಂದರೆ 66 ದಾಟಿದ ಮೇಲೆ. ನೋಟ್ಸಿನಲ್ಲಿ ಅದೇ ಮೊದಲ ಪಾಠ. ಅವರಿಗೆ ಅದು ಬಹಳ ತಡವಾಗಿ ಬಂದ ಪಾಠ.

ಇನ್ನೊಂದು ತೊಡಕು. ಮಗು ಬೆಳೆಯುವ ಬಗ್ಗೆ ಅವರು ಹೇಳಿದ ಐದು ಹಂತಗಳಲ್ಲಿ ಆರು ವರ್ಷದಿಂದ ಹರೆಯದವರೆಗಿನದು ಸುಪ್ತ ಹಂತ. ಅಲ್ಲಿ ಬಯಕೆಗಳು ಮಲಗಿರುತ್ತವೆ ಅನ್ನುತ್ತಾರೆ. ನಿಮ್ಮ ಹುಡುಗ ಸರಿಯಾಗಿ ಆ ವಯಸ್ಸಿನವನು. ಹಾಗಾಗಿ ಹಂತಗಳ ಪಟ್ಟಿ ಹಿಡಿದುಕೊಂಡರೆ ಅವನ ಬಗ್ಗೆ ಜಾಸ್ತಿ ಏನೂ ಸಿಗುವುದಿಲ್ಲ.

ಆದರೆ ಫ್ರಾಯ್ಡ್ 1920ರಲ್ಲಿ ಬರೆದ ಒಂದು ಸಣ್ಣ ಪ್ರಸಂಗ ನಿಮಗೆ ಬೇಕು. ಅವರ ಒಂದೂವರೆ ವರ್ಷದ ಮೊಮ್ಮಗ ತಾಯಿ ಹೊರಗೆ ಹೋದರೂ ಅಳುತ್ತಿರಲಿಲ್ಲ. ದಾರ ಕಟ್ಟಿದ ಮರದ ಉರುಳೆಯನ್ನು ಪರದೆ ಹಾಕಿದ ತೊಟ್ಟಿಲಿನೊಳಗೆ ಎಸೆದು 'ಹೋಯ್ತು' ಅನ್ನುವಂತೆ ಸದ್ದು ಮಾಡುತ್ತಿದ್ದ. ಆಮೇಲೆ ದಾರ ಎಳೆದು 'ಬಂತು' ಅನ್ನುತ್ತಿದ್ದ. ಇದನ್ನೇ ಮತ್ತೆ ಮತ್ತೆ ಆಡುತ್ತಿದ್ದ. ಅವ್ವ ಹೋಗುವುದು ಅವನ ಕೈಯಲ್ಲಿರಲಿಲ್ಲ. ಉರುಳೆ ಹೋಗುವುದು, ಬರುವುದು ಅವನ ಕೈಯಲ್ಲಿತ್ತು. ಅಳದೆ ನೆಲ ನೋಡುವ ನಿಮ್ಮ ಹುಡುಗನ ಬಗ್ಗೆ ಓದುವಾಗ ನನಗೆ ಆ ಉರುಳೆ ನೆನಪಾಯಿತು.

ಬಳ್ಳಾರಿ ಟೈಲರ್:

ನಾನು ಜೀನ್ಸ್ ಹೊಲಿಯುವವನು. ಓದಿದ್ದು ಪಿಯುಸಿ. ಲೈಬ್ರರಿಯಿಂದ ತಂದು ಆಡ್ಲರ್ ಬಗ್ಗೆ ಒಂದಷ್ಟು ಓದಿದ್ದೇನೆ. ಸರ್ ಫ್ರಾಯ್ಡ್‌ಗೆ ಇಷ್ಟು ಜಾಗ ಕೊಟ್ಟರು. ಆಡ್ಲರ್ ಪರವಾಗಿ ನಾನು ಮಾತಾಡುತ್ತೇನೆ.

ಆಡ್ಲರ್‌ಗೆ ಚಿಕ್ಕಂದಿನಲ್ಲಿ ರಿಕೆಟ್ಸ್ ಇತ್ತು, ಅಂದರೆ ಮೂಳೆ ಮೆತ್ತಗಾಗುವ ರೋಗ, ಓಡಾಡಲು ಕಷ್ಟವಾಗುತ್ತಿತ್ತು. ತಮ್ಮ ತೀರಿಕೊಂಡ. ಇವರಿಗೂ ನ್ಯುಮೋನಿಯಾ ಬಂದು ಸಾವಿನ ಹತ್ತಿರ ಹೋಗಿ ಬಂದರು. ಡಾಕ್ಟರ್ ಆಗಬೇಕು ಅಂತ ಆಗಲೇ ಗಟ್ಟಿ ಮಾಡಿಕೊಂಡರಂತೆ. ಅಶಕ್ತ ಅನ್ನಿಸಿಕೊಂಡ ಮಗುವಿಗೆ ಮೇಲೆ ಏಳುವ ಹಟ ಎಲ್ಲಿಂದ ಬರುತ್ತದೆ ಅಂತ ಅವರಿಗೆ ಪುಸ್ತಕ ಹೇಳಿಕೊಡಬೇಕಾಗಿರಲಿಲ್ಲ. 1911ರಲ್ಲಿ ಫ್ರಾಯ್ಡ್ ಗುಂಪು ಬಿಟ್ಟು ಹೊರಗೆ ಬಂದರು.

ನನಗೆ ತಿಳಿದಂತೆ ವ್ಯತ್ಯಾಸ ಇಷ್ಟು. ಫ್ರಾಯ್ಡ್ 'ಯಾಕೆ ಹೀಗಾಯಿತು' ಅಂತ ಹಿಂದೆ ನೋಡುತ್ತಾರೆ. ಆಡ್ಲರ್ 'ಇದನ್ನು ಮಾಡಿ ಏನು ಪಡೆಯಲು ಹೊರಟಿದ್ದಾನೆ' ಅಂತ ಮುಂದೆ ನೋಡುತ್ತಾರೆ. ಟೀಚರ್, ತಂಗಿಯನ್ನು ಕರೆದುಕೊಂಡು ಹೋದರು, ಇವನನ್ನು ಬಿಟ್ಟರು ಅಂತ ನೀವೇ ಬರೆದಿದ್ದೀರಿ. ಹಿರಿಯ ಮಗು ಮೊದಲು ಒಬ್ಬನೇ ರಾಜ. ತಮ್ಮನೋ ತಂಗಿಯೋ ಬಂದರೆ ಪಟ್ಟ ಹೋಗುತ್ತದೆ ಅನ್ನುತ್ತಾರೆ ಆಡ್ಲರ್. ಇವನಿಗೆ ಪಟ್ಟವೂ ಹೋಯಿತು, ಮನೆಯೂ ಖಾಲಿಯಾಯಿತು.

ಕುಷ್ಟಗಿ ಟೀಚರ್:

ಅಣ್ಣಾ, ಇದು ನನಗೆ ಹೊಳೆದೇ ಇರಲಿಲ್ಲ. ಶಾಲೆ ತಪ್ಪಬಾರದು ಅಂತ ಬಿಟ್ಟದ್ದು ಅಂದುಕೊಂಡೇ ಇದ್ದೆ. ಅವನು ಅದನ್ನು ಹೇಗೆ ತೆಗೆದುಕೊಂಡಿರಬಹುದು ಅಂತ ಯೋಚಿಸಿರಲಿಲ್ಲ. ಹಾಗಾದರೆ ಅವನಿಗೆ ಕೀಳರಿಮೆ ಇದೆ ಅನ್ನಬಹುದಾ?

ಬಳ್ಳಾರಿ ಟೈಲರ್:

ಆಡ್ಲರ್ ಅಷ್ಟು ಬೇಗ ಹಾಗೆ ಹೇಳುವುದಿಲ್ಲ ಅಕ್ಕಾ. ತಾನು ಚಿಕ್ಕವನು, ಕೈಲಾಗದವನು ಅನ್ನುವ ಭಾವನೆ ಎಲ್ಲಾ ಮಕ್ಕಳಿಗೂ ಇರುತ್ತದೆ. ಮಗುವನ್ನು ಬೆಳೆಸುವುದೇ ಅದು. ಆ ಭಾವನೆಯಲ್ಲೇ ಸಿಕ್ಕಿಹಾಕಿಕೊಂಡು, ಇನ್ನು ನನ್ನಿಂದ ಆಗಲ್ಲ ಅಂತ ಕೈಚೆಲ್ಲಿದರೆ ಆಗ ಅದು ಕೀಳರಿಮೆ. ನಮ್ಮ ಮಾತಿನಲ್ಲಿ ಎರಡಕ್ಕೂ ಒಂದೇ ಪದ ಬಳಸಿಬಿಡುತ್ತೇವೆ. ಇನ್ನೊಂದು ವಿಷಯ. 1920ರ ದಶಕದಲ್ಲಿ ವಿಯೆನ್ನಾದಲ್ಲಿ ಶಾಲೆಗಳ ಜೊತೆ ಸೇರಿ ಮಕ್ಕಳ ಮಾರ್ಗದರ್ಶನ ಕೇಂದ್ರ ನಡೆಸಿದವರು ಇವರೇ. ಶಿಕ್ಷಕರನ್ನೂ ಕೂರಿಸಿಕೊಂಡು ಮಾತಾಡುತ್ತಿದ್ದರು. ನಿಮ್ಮಂಥವರಿಗಾಗಿ ಕೆಲಸ ಮಾಡಿದ ಮನುಷ್ಯ.

ಗಂಗಾವತಿ ಓದುಗ:

ಯೂಂಗ್ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಫ್ರಾಯ್ಡ್ ತಮ್ಮ ಉತ್ತರಾಧಿಕಾರಿ ಅಂತ ನಂಬಿದ್ದು ಅವರನ್ನೇ. 1913ರಲ್ಲಿ ಇಬ್ಬರೂ ಬೇರೆಯಾದರು. ನಮ್ಮ ಒಳಮನಸ್ಸಿನಲ್ಲಿ ನಮ್ಮದೇ ನೆನಪುಗಳ ಕೆಳಗೆ ಇನ್ನೊಂದು ಪದರ ಇದೆ, ಅದು ಎಲ್ಲ ಮನುಷ್ಯರಿಗೂ ಸೇರಿದ್ದು ಅಂದರು ಯೂಂಗ್. ತಾಯಿ, ಮುದುಕ ಜ್ಞಾನಿ, ನೆರಳು ಇಂಥ ರೂಪಗಳು ಎಲ್ಲ ನಾಡಿನ ಕತೆಗಳಲ್ಲೂ ಬರುವುದು ಅದಕ್ಕೇ ಅಂತ. ಹುಲಿಗೆಮ್ಮನ ಗುಡಿಯ ಮುಂದೆ ನಿಂತಾಗ ನನಗೆ ಈ ಮಾತು ನಿಜ ಅನ್ನಿಸುತ್ತದೆ. ಅಲ್ಲಿಗೆ ಬರುವವರಿಗೆಲ್ಲ ಅವಳು ಅವ್ವನೇ ಅಲ್ವಾ?

ರಾಯಚೂರು ನಿವೃತ್ತ ಉಪನ್ಯಾಸಕ:

ನಿಮ್ಮ ಅನುಭವ ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ರೂಪಗಳು ಹುಟ್ಟಿನಿಂದಲೇ ಬರುತ್ತವೋ, ಹರಕೆ ಹೊತ್ತ ಅವ್ವನ ಜೊತೆ ಗುಡಿಗೆ ಹೋಗಿ ಬಂದು ಕಲಿತದ್ದೋ, ಬಿಡಿಸಿ ತೋರಿಸುವುದು ಕಷ್ಟ. ನನಗೆ ಯೂಂಗ್ ಅವರ ಆ ಭಾಗ ಪೂರ್ತಿ ಒಪ್ಪಿಗೆಯಿಲ್ಲ. ಅವರಿಗೆ ಜಾಸ್ತಿ ಆಸಕ್ತಿ ಇದ್ದದ್ದು ನಡುವಯಸ್ಸಿನ ನಂತರದ ಬದುಕಿನಲ್ಲಿ. ಮಕ್ಕಳ ತೊಂದರೆ ಕಂಡರೆ ಮೊದಲು ತಂದೆ ತಾಯಿಯ ಮನಸ್ಸು ನೋಡಿ ಅನ್ನುತ್ತಿದ್ದರು. ಆ ಮಾತು ಇಟ್ಟುಕೊಳ್ಳೋಣ. ಅಂತರ್ಮುಖಿ, ಬಹಿರ್ಮುಖಿ 1921ರಲ್ಲಿ ಬಂತು. ಟಿಇಟಿಗೆ ಅಷ್ಟು ಸಾಕು.

ಸಿಂಧನೂರು ನರ್ಸ್:

ನಾನು ಕೋಪದಿಂದಲೇ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಇಷ್ಟು ಹೊತ್ತು ಮಾತಾಡಿದ್ದು ಗಂಡಸರ ಬಗ್ಗೆಯೇ. ಕೊನೆಗೆ ಬೊಟ್ಟು ಹೋಗುವುದು ಮಾತ್ರ ತಾಯಿಯ ಕಡೆ. ಆ ತಾಯಿ ಖುಷಿಗೆ ಹೋದಳಾ? ಮಳೆ ಕೈಕೊಟ್ಟಿರುತ್ತದೆ, ತೊಗರಿ ಒಣಗಿರುತ್ತದೆ, ಸಾಲ ಇರುತ್ತದೆ. ಊರಲ್ಲಿ ಕೂಲಿ ಸಿಕ್ಕಿದ್ದರೆ ಮಗನನ್ನು ಬಿಟ್ಟು ಯಾವ ತಾಯಿ ಹೋಗುತ್ತಾಳೆ?

ಅದಕ್ಕೇ ನನಗೆ ಕರೆನ್ ಹಾರ್ನೈ ಅನ್ನುವ ಮನೋವೈದ್ಯೆ ಬೇಕು. ಹೆಣ್ಣಿನ ಬಗ್ಗೆ ಫ್ರಾಯ್ಡ್ ಹೇಳಿದ್ದನ್ನು ಅವರು ಒಪ್ಪಲಿಲ್ಲ. ಗಂಡಿಗೆ ಇರುವ ಅಂಗ ತನಗಿಲ್ಲ ಅಂತ ಹೆಣ್ಣಿಗೆ ಹೊಟ್ಟೆಕಿಚ್ಚು ಅಂದಿದ್ದರು ಫ್ರಾಯ್ಡ್. ಹೆಣ್ಣು ಆಸೆಪಡುವುದು ಗಂಡಿಗೆ ಸಮಾಜ ಕೊಟ್ಟಿರುವ ಅಧಿಕಾರಕ್ಕೆ, ಹೆರುವ ಶಕ್ತಿ ಕಂಡು ಗಂಡಿಗೂ ಹೊಟ್ಟೆಕಿಚ್ಚು ಇರುತ್ತದೆ ಅಂತ ತಿರುಗಿ ಹೇಳಿದರು ಹಾರ್ನೈ. 1941ರಲ್ಲಿ ನ್ಯೂಯಾರ್ಕ್‌ನ ತಮ್ಮ ಮನೋವಿಶ್ಲೇಷಣೆ ಸಂಸ್ಥೆಯಿಂದಲೂ ಹೊರಗೆ ಬರಬೇಕಾಯಿತು.

ಅವರ ಲೆಕ್ಕದಲ್ಲಿ ಮೂಲ ಬಯಕೆಯಲ್ಲ, ಅಭದ್ರತೆ. ದೊಡ್ಡ ಪ್ರಪಂಚದಲ್ಲಿ ನಾನೊಬ್ಬನೇ, ಯಾರೂ ನನಗಿಲ್ಲ ಅನ್ನುವ ಭಯ. ಆ ಭಯಕ್ಕೆ ಮಗು ಮೂರು ದಾರಿ ಹಿಡಿಯುತ್ತದೆ. ಜನರಿಗೆ ಅಂಟಿಕೊಳ್ಳುತ್ತದೆ, ಇಲ್ಲಾ ಜನರ ಮೇಲೆ ತಿರುಗಿ ಬೀಳುತ್ತದೆ, ಇಲ್ಲಾ ಜನರಿಂದ ದೂರ ಸರಿಯುತ್ತದೆ. ಒಂದೇ ದಾರಿಗೆ ಗಂಟುಬಿದ್ದು ಬಿಟ್ಟರೆ ಅದೇ ಸ್ವಭಾವವಾಗುತ್ತದೆ. ಟೀಚರ್ ಹೇಳಿದ ಹುಡುಗ ದೂರ ಸರಿಯುತ್ತಿದ್ದಾನೆ ಅನ್ನಿಸುತ್ತದೆ. ಇನ್ನೂ ಗಂಟುಬಿದ್ದಿಲ್ಲ.

ದೇವದುರ್ಗ ಡ್ರೈವರ್:

ಓದಿ ಸುಮ್ಮನಿರಲು ಆಗಲಿಲ್ಲ. ನನ್ನನ್ನೂ ಹೀಗೇ ಬಿಟ್ಟು ಹೋಗುತ್ತಿದ್ದರು. ಆರು ವರ್ಷದಿಂದ ಹನ್ನೆರಡರವರೆಗೆ, ಪ್ರತಿ ವರ್ಷ. ಅವ್ವನ ಒಂದು ಹಳೇ ಸೀರೆ ಇತ್ತು. ಅದನ್ನು ಮಡಚಿ ತಲೆ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದೆ. ಅಜ್ಜಿ ಒಂದು ಸಲ ಅದನ್ನು ಒಗೆದು ಹಾಕಿದಳು. ಅವತ್ತು ಅತ್ತ ಹಾಗೆ ನಾನು ಮತ್ತೆ ಅತ್ತಿಲ್ಲ. ಯಾಕೆ ಅತ್ತೆ ಅಂತ ಯಾರಿಗೂ ಹೇಳಲು ಬರಲಿಲ್ಲ. ವಾಸನೆ ಹೋಗಿತ್ತು, ಅಷ್ಟೇ.

ರಾಯಚೂರು ನಿವೃತ್ತ ಉಪನ್ಯಾಸಕ:

ತಮ್ಮಾ, ನಿನ್ನ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನೀನು ಹೇಳಿದ ಸೀರೆಯ ಬಗ್ಗೆ ಒಬ್ಬ ಡಾಕ್ಟರ್ ಜೀವನವಿಡೀ ಯೋಚಿಸಿದ್ದಾರೆ. ಹೆಸರು ಡೊನಾಲ್ಡ್ ವಿನ್ನಿಕಾಟ್, ಲಂಡನ್ನಿನ ಮಕ್ಕಳ ವೈದ್ಯರು. ಹಳೇ ಬಟ್ಟೆಯೋ ಗೊಂಬೆಯೋ ಮಗುವಿಗೆ ಪೂರ್ತಿ ಅವ್ವನೂ ಅಲ್ಲ, ಬರೀ ಬಟ್ಟೆಯೂ ಅಲ್ಲ. ಅವ್ವ ಇಲ್ಲದ ಹೊತ್ತನ್ನು ದಾಟಿಸುವ ಸೇತುವೆ. ಅದನ್ನು ಒಗೆಯಬೇಡಿ, ಮಗುವಿಗೆ ಅದರ ವಾಸನೆಯೂ ಬೇಕು ಅಂತ ತಾಯಂದಿರಿಗೆ ತಿಳಿದಿರುತ್ತದೆ ಅಂತ ಬರೆದಿದ್ದಾರೆ.

ಟೀಚರಮ್ಮ, ನಿಮಗೆ ಬೇಕಾದ ಮನುಷ್ಯ ಇವರೇ ಅಂತ ನನಗೆ ಅನ್ನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾದಾಗ ಬ್ರಿಟನ್ನಿನ ದೊಡ್ಡ ಊರುಗಳಿಂದ ಲಕ್ಷಗಟ್ಟಲೆ ಮಕ್ಕಳನ್ನು ಬಾಂಬಿನ ಭಯಕ್ಕೆ ಹಳ್ಳಿಗಳಿಗೆ ಕಳಿಸಿದರು. ಅಪ್ಪ ಅವ್ವ ಪಟ್ಟಣದಲ್ಲಿ, ಮಕ್ಕಳು ಹಳ್ಳಿಯಲ್ಲಿ. ನಮ್ಮ ಗುಳೆ ಮಕ್ಕಳ ಸ್ಥಿತಿಯೇ ಅಲ್ವಾ? ಅದೇ ಡಿಸೆಂಬರಿನಲ್ಲಿ ವಿನ್ನಿಕಾಟ್, ಮನೋವೈದ್ಯ ಜಾನ್ ಬೌಲ್ಬಿ, ಇನ್ನೊಬ್ಬ ವೈದ್ಯರು ಸೇರಿ ವೈದ್ಯಕೀಯ ಪತ್ರಿಕೆಗೆ ಪತ್ರ ಬರೆದರು. ಎರಡರಿಂದ ಐದು ವರ್ಷದ ಮಕ್ಕಳನ್ನು ತಾಯಿಯಿಂದ ಬೇರೆ ಮಾಡುವುದು ಅಪಾಯ ಅಂತ ಎಚ್ಚರಿಸಿದರು. ಆಮೇಲೆ ವಿನ್ನಿಕಾಟ್ ಆಕ್ಸ್‌ಫರ್ಡ್ ಜಿಲ್ಲೆಯಲ್ಲಿ ಇಂಥ ಮಕ್ಕಳ ಹಾಸ್ಟೆಲುಗಳಲ್ಲಿ ಕೆಲಸ ಮಾಡಿದರು. ಹಾಸಿಗೆ ಒದ್ದೆ ಮಾಡುವವರು, ಓಡಿಹೋಗುವವರು, ಕದಿಯುವವರು ಎಲ್ಲರನ್ನೂ ಅಲ್ಲಿ ನೋಡಿದರು.

1956ರಲ್ಲಿ ಅವರು ಹೇಳಿದ ಮಾತಿನ ಅರ್ಥ ಹೀಗಿದೆ. ಕದಿಯುವ ಮಗು ಆ ವಸ್ತುವನ್ನು ಹುಡುಕುತ್ತಿಲ್ಲ. ತನಗೆ ಹಕ್ಕಿದ್ದ ತಾಯಿಯನ್ನು ಹುಡುಕುತ್ತಿದೆ. ಮೊದಲು ಒಳ್ಳೆಯದು ಸಿಕ್ಕಿತ್ತು, ಆಮೇಲೆ ಕೈತಪ್ಪಿತು, ಈಗ ಪ್ರಪಂಚದಿಂದ ಅದನ್ನು ವಾಪಸ್ ಕೇಳುತ್ತಿದೆ. ಆದ್ದರಿಂದ ಕಳ್ಳತನ ಆಸೆ ಸತ್ತಿಲ್ಲ ಅನ್ನುವುದರ ಗುರುತು. ಪೂರ್ತಿ ಕೈಬಿಟ್ಟ ಮಗು ಏನೂ ಕೇಳುವುದಿಲ್ಲ. 11 ರಬ್ಬರ್‌ಗಳನ್ನು ಹೀಗೆ ನೋಡಿ.

ಬೌಲ್ಬಿ ಕತೆಯೂ ಕಳ್ಳತನದಿಂದಲೇ ಶುರುವಾಗುತ್ತದೆ. 1944ರಲ್ಲಿ ಅವರು 44 ಕಳ್ಳ ಹುಡುಗ ಹುಡುಗಿಯರ ಅಧ್ಯಯನ ಪ್ರಕಟಿಸಿದರು. ಅವರಲ್ಲಿ ಯಾರ ಮೇಲೂ ಪ್ರೀತಿ ಇಲ್ಲದಂತೆ ಕಂಡವರು 14 ಜನ. ಆ 14ರಲ್ಲಿ 12 ಮಕ್ಕಳು ಎಳವೆಯಲ್ಲಿ ಬಹಳ ಕಾಲ ತಾಯಿಯಿಂದ ದೂರ ಇದ್ದವರು. ಉಳಿದ 30ರಲ್ಲಿ ಅಂಥವರು 5. ಈ ಅಧ್ಯಯನಕ್ಕೆ ಟೀಕೆಯೂ ಇದೆ, ಮಕ್ಕಳನ್ನು ಅಳೆದವರೂ ತೀರ್ಪು ಕೊಟ್ಟವರೂ ಬೌಲ್ಬಿಯೇ ಅಂತ.

ಇಲ್ಲಿಯೇ ಇವರೆಲ್ಲರ ಜಗಳ ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಬೌಲ್ಬಿ ಮನೋವಿಶ್ಲೇಷಣೆಯ ತರಬೇತಿ ಪಡೆಯುವಾಗ ಮೆಲನಿ ಕ್ಲೈನ್ ಅನ್ನುವ ಮನೋವಿಶ್ಲೇಷಕಿ ಅವರ ಮೇಲ್ವಿಚಾರಕಿ. ಒಬ್ಬ ಮೂರು ವರ್ಷದ ಹುಡುಗನಿಗೆ ಬೌಲ್ಬಿ ಚಿಕಿತ್ಸೆ ಕೊಡುತ್ತಿದ್ದರು. ಅವನ ತಾಯಿ ಬಹಳ ಕಳವಳದ ಹೆಂಗಸು. ಅವಳನ್ನು ಮಾತಾಡಿಸುತ್ತೇನೆ ಅಂದರೆ ಕ್ಲೈನ್ ಬಿಡಲಿಲ್ಲ. ಮಗುವಿನ ಒಳಗಿನ ಕಲ್ಪನೆಗಳೇ ಮುಖ್ಯ ಅಂತ ಅವರ ನಂಬಿಕೆ. ಮನೆಯಲ್ಲಿ ನಿಜವಾಗಿ ಏನು ನಡೆಯುತ್ತಿದೆ ಅನ್ನುವುದೇ ಮುಖ್ಯ ಅಂತ ಬೌಲ್ಬಿ ನಂಬಿಕೆ. ನೀವು ಹುಡುಗನ ಅಜ್ಜಿಯನ್ನು ಮಾತಾಡಿಸಲು ಹೊರಟರೆ ಬೌಲ್ಬಿ ಪಕ್ಷ ಸೇರಿದಂತೆ.

ಸಿಂಧನೂರು ನರ್ಸ್:

ಸರ್, ಮತ್ತೆ ತಾಯಿಯ ಹತ್ತಿರವೇ ಬಂದಿರಿ.

ರಾಯಚೂರು ನಿವೃತ್ತ ಉಪನ್ಯಾಸಕ:

ಒಪ್ಪಿದೆ ತಂಗಿ. ಬೌಲ್ಬಿ ಮಾತನ್ನು ಹಿಡಿದು ಕೆಲಸಕ್ಕೆ ಹೋಗುವ ಹೆಂಗಸರನ್ನು ಹೀಯಾಳಿಸಿದವರು ಇದ್ದರು. ಆದರೆ ವಿಶ್ವ ಆರೋಗ್ಯ ಸಂಸ್ಥೆಗೆ 1951ರಲ್ಲಿ ಬರೆದ ವರದಿಯಲ್ಲೇ ಅವರು ಇನ್ನೊಂದು ಮಾತು ಬರೆದಿದ್ದಾರೆ. ಸಮಾಜಕ್ಕೆ ಮಕ್ಕಳ ಮೇಲೆ ಪ್ರೀತಿ ಇದ್ದರೆ ಅವರ ಅಪ್ಪ ಅವ್ವನನ್ನು ಪೋಷಿಸಬೇಕು ಅಂತ. ನಿಮ್ಮ ತೊಗರಿ, ಸಾಲದ ಮಾತು ಅಲ್ಲಿಗೆ ಸೇರುತ್ತದೆ. ಊರಲ್ಲೇ ಕೂಲಿ ಸಿಗುವಂತೆ ಮಾಡುವುದು ಕೂಡ ಮಕ್ಕಳ ಮನಸ್ಸಿನ ಚಿಕಿತ್ಸೆಯೇ.

ಬಳ್ಳಾರಿ ಮೆಡಿಕಲ್ ವಿದ್ಯಾರ್ಥಿ:

ನನ್ನದೊಂದು ತಕರಾರು. ಫ್ರಾಯ್ಡ್, ಆಡ್ಲರ್ ಇಬ್ಬರ ಹತ್ತಿರವೂ ಎಲ್ಲದಕ್ಕೂ ಉತ್ತರ ಇರುತ್ತದೆ. ಹುಡುಗ ಕದ್ದರೂ ವಿವರಿಸುತ್ತಾರೆ, ಕದಿಯದಿದ್ದರೂ ವಿವರಿಸುತ್ತಾರೆ. ತತ್ವಜ್ಞಾನಿ ಕಾರ್ಲ್ ಪಾಪರ್ ಹಿಡಿದದ್ದು ಇದನ್ನೇ. ಅವರ ಉದಾಹರಣೆ ನೋಡಿ. ಒಬ್ಬ ಮಗುವನ್ನು ನೀರಿಗೆ ತಳ್ಳುತ್ತಾನೆ, ಇನ್ನೊಬ್ಬ ಜೀವ ಪಣಕ್ಕಿಟ್ಟು ಮಗುವನ್ನು ಉಳಿಸುತ್ತಾನೆ. ಇಬ್ಬರನ್ನೂ ಎರಡೂ ಸಿದ್ಧಾಂತ ಸಲೀಸಾಗಿ ವಿವರಿಸುತ್ತವೆ. ಯಾವುದರಿಂದಲೂ ತಪ್ಪು ಅಂತ ತೋರಿಸಲು ಆಗದಿದ್ದರೆ ಅದು ವಿಜ್ಞಾನ ಹೇಗಾಗುತ್ತದೆ?

ಬೌಲ್ಬಿ ದಾರಿ ನನಗೆ ಹಿಡಿಸುವುದು ಅದಕ್ಕೇ. ಬೌಲ್ಬಿ ಜೊತೆ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ಮೊದಲು ಉಗಾಂಡಾದ ಹಳ್ಳಿಗಳಲ್ಲಿ, ಆಮೇಲೆ ಅಮೆರಿಕದಲ್ಲಿ ಕೂತು ತಾಯಿ ಮಕ್ಕಳನ್ನು ನೋಡಿದರು, ಬರೆದುಕೊಂಡರು. ಒಂದು ವರ್ಷದ ಮಗುವಿನಿಂದ ತಾಯಿಯನ್ನು ಕೆಲವು ನಿಮಿಷ ದೂರ ಮಾಡಿ, ಅವಳು ವಾಪಸ್ ಬಂದಾಗ ಮಗು ಏನು ಮಾಡುತ್ತದೆ ಅಂತ ಗಮನಿಸಿದರು. ಅದನ್ನು ಬೇರೆಯವರೂ ಮಾಡಿ ನೋಡಬಹುದು.

ಇನ್ನೊಂದು ವಿಷಯ ಎಲ್ಲರಿಗೂ ತಿಳಿದಿರಲಿ. ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮಾನಸಿಕ ಚಿಕಿತ್ಸೆಯನ್ನು ಹಳ್ಳಿ ಆಸ್ಪತ್ರೆವರೆಗೆ ತಂದು ನೋಡಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. ಆ ಬಳ್ಳಾರಿ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಟೀಚರ್, ಹುಡುಗ ಊಟ ಬಿಟ್ಟರೆ, ನಿದ್ದೆ ಬಿಟ್ಟರೆ ಥಿಯರಿ ಪಕ್ಕಕ್ಕಿಡಿ. ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಇಲ್ಲಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ.

ರಾಯಚೂರು ನಿವೃತ್ತ ಉಪನ್ಯಾಸಕ:

ನಿಮ್ಮ ತಕರಾರು ನ್ಯಾಯವಾದದ್ದೇ. ನನ್ನ ಉತ್ತರ ಇಷ್ಟೇ, ಒಬ್ಬೊಬ್ಬರೂ ಒಂದೊಂದು ಕಡೆ ನೋಡಲು ಕಲಿಸಿದ್ದಾರೆ. ಆಡ್ಲರ್ ಇಲ್ಲದಿದ್ದರೆ ತಂಗಿಯ ವಿಷಯ ನಮ್ಮ ಕಣ್ಣಿಗೆ ಬೀಳುತ್ತಿತ್ತಾ?

ಎರಿಕ್ಸನ್ ಉಳಿದುಬಿಟ್ಟರು. ಅವರು ಫ್ರಾಯ್ಡ್ ಮಗಳು ಅನ್ನಾ ಹತ್ತಿರ ಕಲಿತವರು. ತಮ್ಮ ಹೆತ್ತ ತಂದೆ ಯಾರು ಅಂತ ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. 'ನಾನು ಯಾರು' ಅನ್ನುವ ಪ್ರಶ್ನೆಯನ್ನು ಹರೆಯದ ಕೇಂದ್ರಕ್ಕೆ ತಂದವರು ಅವರೇ. ಫ್ರಾಯ್ಡ್‌ನ ಹಂತಗಳು ಹರೆಯಕ್ಕೆ ಮುಗಿದರೆ ಇವರ ಎಂಟು ಹಂತ ಮುಪ್ಪಿನವರೆಗೆ ಹೋಗುತ್ತವೆ. ಪ್ರತಿ ಹಂತದಲ್ಲೂ ದೇಹದ ಜೊತೆ ಸಮಾಜವೂ ಒಂದು ಬೇಡಿಕೆ ಇಡುತ್ತದೆ. ಪರೀಕ್ಷೆಯಲ್ಲಿ ನಾಲ್ಕನೇ ತರಗತಿ ಮಗು ಅಂತ ಬಂದರೆ ನಾಲ್ಕನೇ ಹಂತ ಬರೆಯಿರಿ, ಶ್ರಮಶೀಲತೆ ಮತ್ತು ಕೀಳರಿಮೆಯ ಹಂತ. ಈ ವಯಸ್ಸಿನ ಮಗುವಿಗೆ 'ನಾನೂ ಒಂದು ಕೆಲಸ ಮಾಡಬಲ್ಲೆ' ಅನ್ನುವುದು ಕೈಯಾರೆ ಗೊತ್ತಾಗಬೇಕು. ಅದನ್ನು ಕೊಡುವ ಜಾಗ ಶಾಲೆ.

ಕುಷ್ಟಗಿ ಟೀಚರ್:

ಐದು ವಾರ ಆಯಿತು. ಏನು ಮಾಡಿದೆ ಅಂತ ಹೇಳಬೇಕು ಅನ್ನಿಸಿತು.

ಕದ್ದ ವಿಷಯ ತರಗತಿಯ ಮುಂದೆ ಎತ್ತುವುದು ಬಿಟ್ಟೆ. ಚಾಕ್‌ಪೀಸ್ ಡಬ್ಬಿ, ಮಕ್ಕಳ ರಬ್ಬರ್ ಡಬ್ಬಿ ಎರಡನ್ನೂ ನೋಡಿಕೊಳ್ಳುವ ಕೆಲಸ ಅವನಿಗೇ ಕೊಟ್ಟೆ. ಬೆಳಿಗ್ಗೆ ಎಣಿಸಿ ಕೊಡುತ್ತಾನೆ, ಸಂಜೆ ಎಣಿಸಿ ಇಡುತ್ತಾನೆ. ಮೊದಲ ವಾರ ಎರಡು ಕಡಿಮೆ ಬಂದವು. ನಾನು ಕೇಳಲಿಲ್ಲ. ಅಜ್ಜಿ ಮನೆಗೆ ಹೋಗಿ ಮಾತಾಡಿಸಿದೆ. ರಾತ್ರಿ ಎದ್ದು ಕೂರುತ್ತಾನೆ, ಅವ್ವನ ಹೆಸರು ಮಾತ್ರ ಎತ್ತುವುದಿಲ್ಲ ಅಂದರು. ಅವ್ವನಿಗೆ ಫೋನ್ ಮಾಡಿ ಭಾನುವಾರ ಸಂಜೆ ಏಳಕ್ಕೆ ತಪ್ಪದೆ ಮಾತಾಡಲು ಹೇಳಿದ್ದೇನೆ. ಹೊತ್ತು ಗೊತ್ತಿಲ್ಲದೆ ಬರುವ ಫೋನಿಗಿಂತ ಇದು ಮೇಲು ಅನ್ನಿಸಿತು. ದೇವದುರ್ಗದ ಅಣ್ಣನ ಮಾತು ನೆನಪಾಗಿ, ಅವ್ವನ ಸೀರೆ ಏನಾದರೂ ಇದೆಯಾ ಅಂತ ಅಜ್ಜಿಯನ್ನು ಕೇಳಿದೆ. ಇತ್ತು. ಒಗೆಯದೆ ಅವನ ಹಾಸಿಗೆ ಮೇಲೆ ಇಟ್ಟಿದ್ದಾರೆ.

ಎರಡು ವಾರದಿಂದ ಡಬ್ಬಿ ಲೆಕ್ಕ ಸರಿ ಇದೆ. ಪಾಟಿಚೀಲದ ರಬ್ಬರ್ ಹಾಗೇ ಇವೆ, ನಾನು ಕೇಳಿಲ್ಲ.

ಈಗ ಒಂದು ಪ್ರಶ್ನೆ. ಯುಗಾದಿಗೆ ಅವರು ಊರಿಗೆ ಬರುತ್ತಾರಂತೆ. ಅವನಿಗೆ ಹೇಳಿದೆ. ಖುಷಿಪಡಲಿಲ್ಲ, ಹೊರಗೆ ಆಡಲು ಹೋದ. ನನಗೆ ಭಯವಾಯಿತು.

ರಾಯಚೂರು ನಿವೃತ್ತ ಉಪನ್ಯಾಸಕ:

ಭಯ ಬೇಡಮ್ಮ. ಬೌಲ್ಬಿ ಜೊತೆ ಕೆಲಸ ಮಾಡಿದ ಜೇಮ್ಸ್ ರಾಬರ್ಟ್‌ಸನ್ ಆಸ್ಪತ್ರೆಯಲ್ಲಿ ಒಂಟಿಯಾಗಿ ಉಳಿದ ಪುಟ್ಟ ಮಕ್ಕಳನ್ನು ನೋಡಿ ಬರೆದಿದ್ದಾರೆ. ಮಗು ಮೊದಲು ಅತ್ತು ರಂಪ ಮಾಡುತ್ತದೆ. ಆಮೇಲೆ ಸೋತು ಕುಗ್ಗುತ್ತದೆ. ಕೊನೆಗೆ ಏನೂ ಆಗದಂತೆ ಇದ್ದುಬಿಡುತ್ತದೆ. ಆಗ ತಾಯಿ ಬಂದರೆ ಗುರುತೇ ಇಲ್ಲದಂತೆ ಮುಖ ತಿರುಗಿಸುತ್ತದೆ. ಅದು ಪ್ರೀತಿ ಹೋಗಿದ್ದಲ್ಲ. ನಿಮ್ಮವನು ದೊಡ್ಡವನು, ಅಷ್ಟು ಇರಲಿಕ್ಕಿಲ್ಲ. ಆದರೂ ಅವ್ವನಿಗೆ ಮೊದಲೇ ಹೇಳಿಡಿ. ಬಂದ ದಿನ ಅವನು ಹತ್ತಿರ ಬರದಿದ್ದರೆ 'ಇಷ್ಟು ದೂರದಿಂದ ಬಂದರೂ ಬೆಲೆ ಇಲ್ಲ' ಅಂತ ಬೈಯಬಾರದು. ಎಳೆದು ಅಪ್ಪಿಕೊಳ್ಳುವುದೂ ಬೇಡ. ರೊಟ್ಟಿ ತಟ್ಟುತ್ತಾ ಕೂರಲಿ. ಅವನೇ ಬರುತ್ತಾನೆ. ಸಿಟ್ಟು ಮಾಡಿದರೆ ಮಾಡಲಿ. ಸಿಟ್ಟು ಮಾಡಿಕೊಳ್ಳಲು ಅವಳಿದ್ದಾಳೆ ಅಂತ ಅವನಿಗೆ ತಿಳಿಯಬೇಕು.

ದೇವದುರ್ಗ ಡ್ರೈವರ್:

ನಿಜ ಸರ್. ನಾನೂ ಮೊದಲ ದಿನ ಹಿತ್ತಲಲ್ಲೇ ಇರುತ್ತಿದ್ದೆ. ಅವ್ವ ಒಳಗಿದ್ದಾಳಾ ಅಂತ ಬಾಗಿಲ ಸಂದಿಯಿಂದ ನೋಡುತ್ತಿದ್ದೆ.

ಕುಷ್ಟಗಿ ಟೀಚರ್:

ಭಾನುವಾರದವರೆಗೆ ಕಾಯುವುದಿಲ್ಲ. ಇವತ್ತೇ ಸಂಜೆ ಅವನ ಅವ್ವನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳುತ್ತೇನೆ.